ಈ ಸಲ ಕಡುಬು ಕಟ್ಟಲಿಲ್ಲ

ಪ್ರಾತೊ, ಇಟಲಿ
ಜೂನ್ ೧೪, ಶುಕ್ರವಾರ
(ದೋಣಿಹಬ್ಬ ಕಳೆದು ನಾಲ್ಕನೇ ದಿನ)

ಪ್ರೀತಿಯ ಅಕ್ಕನಿಗೆ ಸೈಯುನ್ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಗಿದೆ ಎಂದಿದ್ದಿರಿ. ಹಚ್ಚಿಕೊಳ್ಳಲು ಮುಲಾಮು ಕಳಿಸಿದ್ದೇನೆ, ಹಸಿರು ಡಬ್ಬಿಯದು. ಅದನ್ನು ಭಾವನವರ ಭುಜಕ್ಕೆ ಹಚ್ಚಿ ಖಾಲಿ ಮಾಡಬೇಡಿ, ಅವರಿಗೆ ಬೇರೆ ಇಟ್ಟಿದ್ದೇನೆ. ಅವರ ಕಣ್ಣಿನ ಪೊರೆ ತೆಗೆಸಿದ ಮೇಲೆ ಈಗ ಸಣ್ಣ ಅಕ್ಷರ ಕಾಣುತ್ತದೆಯೋ? ಕಂಡರೆ ಈ ಕಾಗದವನ್ನು ಅವರೇ ಓದಿ ಹೇಳಲಿ, ಮೊಮ್ಮಕ್ಕಳ ಕೈಗೆ ಕೊಡಬೇಡಿ. ನನ್ನ ಅಕ್ಷರ ನಿಮಗೆ ಗೊತ್ತೇ ಇದೆ. ಗುಡ್ಡದ ಮೇಲಿನ ಶಾಲೆಯಲ್ಲಿ ಐದನೆಯ ತರಗತಿಗೇ ಬಿಡಿಸಿದರು, ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಪೆನ್ನು ಹಿಡಿಯುವ ಪ್ರಮೇಯವೇ ಬರಲಿಲ್ಲ. ಪ್ರಾರ್ಥನೆಯ ಪುಸ್ತಕ ಓದುತ್ತೇನಾದ್ದರಿಂದ ಓದು ಮಾತ್ರ ಉಳಿದಿದೆ. ತಪ್ಪಿದ್ದ ಕಡೆ ನೀವೇ ಸರಿ ಮಾಡಿಕೊಳ್ಳಿ.

ಫೋನ್ ಬಿಟ್ಟು ಕಾಗದ ಏಕೆ ಎಂದು ಗಾಬರಿಯಾಗಬೇಡಿ. ನಿಮ್ಮ ತಮ್ಮ ಈಗ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಎರಡು ಕೋಣೆಯ ಮನೆ, ಸ್ನಾನದ ಮನೆಯಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ. ನನ್ನ ಫೋನಂತೂ ಅವರ ಕೈಯಲ್ಲೇ. ಆದ್ದರಿಂದ ಭಾನುವಾರ ಊರಿಗೆ ಹೊರಟಿರುವ ಕಾರ್ಖಾನೆಯ ಒಬ್ಬಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಬುಧವಾರದೊಳಗೆ ಮುಟ್ಟುತ್ತದೆ. ಅತ್ತೆ ಹೋದ ಸುದ್ದಿಯನ್ನು ಏಪ್ರಿಲ್ ಕೊನೆಯಲ್ಲಿ ನನಗೊಬ್ಬಳಿಗೇ ಹೇಳಿ, ತಮ್ಮನ ಕಿವಿಗೆ ಬೀಳಿಸಬೇಡ, ಅವನ ಎದೆ ತಡೆಯುವುದಿಲ್ಲ, ಆಪರೇಷನ್ ಮುಗಿಯಲಿ ಎಂದು ನೀವು ಕಟ್ಟಪ್ಪಣೆ ಮಾಡಿದಿರಿ. ಇಲ್ಲಿನ ಡಾಕ್ಟರರೂ ಅದನ್ನೇ ಹೇಳಿದ್ದರು: ಹೃದಯದ ಕವಾಟ ಸೋರುತ್ತಿದೆ, ಕೊಯ್ಯುವವರೆಗೆ ಜಗಳ ಬೇಡ, ಭಾರ ಬೇಡ, ಆಘಾತದ ಸುದ್ದಿ ಬೇಡ. ಈ ವಾರ ಬಿಟ್ಟು ಬರುವ ವಾರವೂ ಬಿಟ್ಟು ಅದರಾಚೆಯ ಗುರುವಾರಕ್ಕೆ ದಿನ ಕೊಟ್ಟಿದ್ದಾರೆ. ಒಬ್ಬನೇ ಮಗ. ಅಮ್ಮನ ಬೂದಿಯ ಮಡಕೆಯನ್ನು ಹೊರಬೇಕಾದವನು. ಅವನಿಲ್ಲದೆ ನೀವೇ ಹೊತ್ತು ಗುಡ್ಡ ಹತ್ತಿದಿರಿ, ಆ ಮಂಡಿಯಲ್ಲಿ. ತಮ್ಮ ಬಂದು ಮುಚ್ಚಲಿ ಎಂದು ಗೋರಿಯ ಬಾಗಿಲಿಗೆ ಇಟ್ಟಿಗೆ ಮಾತ್ರ ಜೋಡಿಸಿ ಗಾರೆ ಮೆತ್ತದೆ ಬಿಟ್ಟಿದ್ದೀರಿ. ಇದೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಅವರಿಗೆ ಗಂಜಿ ಬಡಿಸುತ್ತಿದ್ದೆ. ಬೆಳಗಾದರೆ ಅವರದು ಒಂದೇ ಮಾತು: “ಅಮ್ಮನ ಫೋನ್ ಸಿಕ್ತೇನೇ?” ನಾನು ದಿನಕ್ಕೊಂದು ಕಥೆ ಹೇಳುತ್ತಿದ್ದೆ. ಕಿವಿ ಕೇಳಿಸುತ್ತಿಲ್ಲವಂತೆ, ಫೋನ್ ನೀರಿಗೆ ಬಿತ್ತಂತೆ, ಅಕ್ಕನ ಮನೆಗೆ ಹೋಗಿದ್ದಾರಂತೆ. ಸುಳ್ಳು ಹೇಳಿದ ಬಾಯಲ್ಲೇ ಗುವಾನ್‌ಯಿನ್ ತಾಯಿಯ ಹೆಸರು ಹೇಳಲು ನಾಚಿಕೆಯಾಗಿ ಒಂದಷ್ಟು ದಿನ ದೀಪ ಹಚ್ಚಿ ಸುಮ್ಮನೆ ಕೈ ಮುಗಿದು ಬರುತ್ತಿದ್ದೆ.

ನೀವು ಕಳಿಸಿದ ಅತ್ತೆಯ ಹಳೆಯ ಧ್ವನಿಯ ತುಣುಕುಗಳು ಹೊಸದೆಂದು ಕೇಳಿಸಲು ಬಹಳ ಉಪಕಾರಕ್ಕೆ ಬಂದವು. ಆದರೆ ಅಕ್ಕ, ಒಂದರಲ್ಲಿ ಎಡವಟ್ಟಾಯಿತು. ಮೇ ತಿಂಗಳಲ್ಲಿ ಕಳಿಸಿದ ತುಣುಕಿನಲ್ಲಿ ಅತ್ತೆ ಚಳಿಗಾಲದ ಬಿದಿರು ಕಳಲೆ ಅಗೆದದ್ದನ್ನೂ ಅದು ಈ ಸಲ ಬೆರಳಿನಷ್ಟೇ ಇದ್ದದ್ದನ್ನೂ ಹೇಳುತ್ತಾರೆ. ನಿಮ್ಮ ತಮ್ಮ ಕೇಳಿ ನಕ್ಕರು. “ಮೇ ತಿಂಗಳಲ್ಲಿ ಚಳಿಗಾಲದ ಕಳಲೆ ಎಲ್ಲಿಂದ ಬಂತೇ? ಅಮ್ಮಂಗೆ ತಿಂಗಳು ದಿನ ಎಲ್ಲಾ ಮರ್ತೋಗಿದೆ” ಎಂದರು. ನಾನೂ ನಕ್ಕೆ. ಆ ತುಣುಕನ್ನು ಅವರು ಮತ್ತೊಮ್ಮೆ ಹಾಕಿ ಕೇಳಿದರು, ಆಗ ನಗಲಿಲ್ಲ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ನೀರು ಜೋರಾಗಿ ಬಿಟ್ಟೆ.

ಹೀಗೆ ದಿನ ತಳ್ಳುತ್ತಿರುವಾಗ ಹಬ್ಬ ಬಂತು. ಸಾವಾದ ಮನೆಯವರು ಆ ವರ್ಷ ದೋಣಿಹಬ್ಬಕ್ಕೆ ಎಲೆಗಡುಬು ಕಟ್ಟಬಾರದು, ಹೊರಗಿನವರು ಕಟ್ಟಿ ತಂದು ಕೊಡಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕೆ? ಮಾವ ತೀರಿಹೋದ ವರ್ಷ ನಮ್ಮ ಜಗುಲಿಯ ಮೇಲೆ ನೆರೆಯವರು ತಂದಿಟ್ಟ ಕಡುಬಿನ ಗೊಂಚಲು ನೇತು ಹಾಕಲು ಮೊಳೆ ಸಾಲದೆ ಹೋದದ್ದು ನೆನಪಿದೆ. ಆ ಪದ್ಧತಿಯಲ್ಲಿ ಕಾರಣವಿದೆ ಎಂದೇ ನಾನು ನಂಬಿದವಳು. ಕೈ ದುಃಖದಲ್ಲಿರುವಾಗ ಹಬ್ಬದ ಗಂಟು ಕಟ್ಟಿದರೆ ಹೋದ ಜೀವದ ದಾರಿಗೆ ಗಂಟು ಬೀಳುತ್ತದೆ ಎನ್ನುತ್ತಿದ್ದರು ನಮ್ಮಮ್ಮ. ಇಲ್ಲಿ ಬಂದು ಇಷ್ಟು ವರ್ಷವಾಯಿತು, ಒಂದು ಪದ್ಧತಿಯನ್ನೂ ಬಿಟ್ಟಿಲ್ಲ. ಬಜೆ ಎಲೆ ಸಿಗದೆ ಹೊಳೆದಂಡೆಯ ಬೇರೆ ಯಾವುದೋ ಉದ್ದನೆಯ ಎಲೆಯನ್ನು ಮಾಚಿಪತ್ರೆಯ ಜೊತೆ ಬಾಗಿಲಿಗೆ ಕಟ್ಟುತ್ತೇವೆ, ತಾಯಿ ಒಪ್ಪಿಕೊಂಡಾಳು ಎಂದು. ಜ್ವರವಿದ್ದ ವರ್ಷವೂ ನಾನು ಬೂದಿನೀರು ಇಳಿಸಿ, ಅದರಲ್ಲಿ ಅಂಟಕ್ಕಿ ನೆನೆಸಿ, ಕಾರ್ಖಾನೆಯವರಿಗೆಲ್ಲ ಆಗುವಷ್ಟು ಕಡುಬು ಕಟ್ಟಿದವಳು. ಕೆಳಮನೆಯ ಇಟಲಿ ಮುದುಕಿಗೂ ಕೊಡುತ್ತೇವೆ. ಮೊದಲ ವರ್ಷ ಆಕೆ ಎಲೆಸಮೇತ ಕತ್ತರಿಸಿ, ಮೇಲೆ ಎಣ್ಣೆ ಸುರಿದು ತಿಂದು, ರುಚಿ ಚೆನ್ನಾಗಿದೆ, ನಾರು ಸ್ವಲ್ಪ ಜಾಸ್ತಿ ಎಂದಿದ್ದಳು. ಅದನ್ನು ನಿಮ್ಮ ತಮ್ಮ ಇವತ್ತಿಗೂ ಹೋದಲ್ಲೆಲ್ಲ ಹೇಳುತ್ತಾರೆ. ಅಂಥ ಮನೆಯಲ್ಲಿ ಈ ಸಲ ನಾನು ಏನು ಮಾಡಬೇಕಿತ್ತು ಹೇಳಿ. ಕಟ್ಟಿದರೆ ಅತ್ತೆಗೆ ಮಾಡಿದ ಅಪಚಾರ. ಕಟ್ಟದಿದ್ದರೆ ಇವರು ಕೇಳುತ್ತಾರೆ.

ಮಗಳು ಜಿಯಾಯಿಯನ್ನು ಕೇಳಿದೆ. ಅವಳು ಫ್ಲಾರೆನ್ಸಿನ ಕೆಲಸದಿಂದ ವಾರಕ್ಕೊಮ್ಮೆ ಬರುತ್ತಾಳೆ. “ಅಮ್ಮ, ಅಪ್ಪ ಏನ್ ಮಗುನಾ? ಇಲ್ಲಿ ಡಾಕ್ಟ್ರು ಸಾಯೋ ರೋಗಿಗೂ ಮುಖಕ್ಕೇ ಹೇಳ್ತಾರೆ. ನೀವು ಎಲ್ಲಾದನ್ನೂ ಬಚ್ಚಿಟ್ಟು ಬಚ್ಚಿಟ್ಟು ಹೊಟ್ಟೆ ನೋವು ಬರಿಸ್ಕೋತೀರ” ಎಂದಳು. ಈಗಲೇ ಹೇಳಿಬಿಡುತ್ತೇನೆ ಎಂದು ಎದ್ದಳು. ಅಪ್ಪನ ಕೋಣೆಯ ಬಾಗಿಲವರೆಗೆ ಹೋಗಿ, ಅವರು ದಿಂಬಿಗೊರಗಿ ಉಸಿರು ಎಳೆಯುತ್ತಿದ್ದುದನ್ನು ನೋಡಿ, ನೀರು ಬೇಕಾ ಅಪ್ಪ ಎಂದು ಕೇಳಿ ವಾಪಸು ಬಂದಳು. ಆಮೇಲೆ ನನಗೆ ಬುದ್ಧಿ ಹೇಳಲಿಲ್ಲ.

ಹಬ್ಬಕ್ಕೆ ಮುಂಚಿನ ಶನಿವಾರ ಗುಡಿಯಿಂದ ಬಂದು ನೋಡುತ್ತೇನೆ, ಸ್ನಾನದ ತೊಟ್ಟಿಯ ತುಂಬ ಕಡುಬಿನ ಎಲೆ. ನಿಮ್ಮ ತಮ್ಮ ಯಾರಿಗೋ ಹೇಳಿ ತರಿಸಿ, ತಾವೇ ನೆನೆಹಾಕಿದ್ದಾರೆ. “ಎಲೆ ನನ್ನ ಪಾಲು. ಅಕ್ಕಿ ನಿನ್ನ ಪಾಲು. ಏಳು” ಎಂದರು. ಮಣಿಕಟ್ಟು ನೋವು ಎಂದೆ, ಬಟ್ಟೆ ಸುತ್ತಿಕೊಂಡೆ. “ಯಾವ ಕೈ?” ಎಂದರು. ಬಲ ಎಂದೆ. ಬಟ್ಟೆ ಎಡಗೈಗೆ ಸುತ್ತಿತ್ತು. ಅವರು ಅದನ್ನು ನೋಡಿದರು. “ಸರಿ ಬಿಡು ಮಾರಾಯ್ತಿ, ಈ ವರ್ಷ ನಾನೇ ಕಟ್ತೀನಿ. ನನಗೇನು ಬರಲ್ವಾ? ಅಮ್ಮನೇ ಕಲಿಸಿದ್ದು” ಎಂದು ಅಕ್ಕಿಯನ್ನೂ ತಾವೇ ಬೂದಿನೀರಿಗೆ ಹಾಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಬಿಟ್ಟರು. ಅಕ್ಕ, ಹೆತ್ತ ತಾಯಿ ಹೋದ ವರ್ಷ ಮಗ ಕೈಯಾರೆ ಕಡುಬು ಕಟ್ಟುವುದೆಂದರೆ! ಅವರು ಎಲೆ ಮಡಚಿ ಕುಡಿಕೆ ಮಾಡುತ್ತಿದ್ದರು, ಅತ್ತೆ ಮಾಡುವ ಹಾಗೆಯೇ, ಹೆಬ್ಬೆರಳು ಒಳಗಿಟ್ಟು. ನಾನು ಬಾಯಿಗೆ ಬಂದದ್ದು ಹೇಳಿದೆ. ಡಾಕ್ಟರರು ಬೇಡ ಅಂದಿದ್ದಾರೆ, ಎಲೆಯಲ್ಲಿ ಹುಳು ಇದೆ, ಅಕ್ಕಿ ಹಳೆಯದು. “ಕಡುಬು ಕಟ್ಟಿದ್ರೆ ಎದೆ ಒಡೆಯುತ್ತೆ ಅಂತ ಯಾವ ಡಾಕ್ಟ್ರು ಹೇಳಿದ್ದು? ಅವನ ಹೆಸರು ಹೇಳು, ಅವನಿಗೆ ನಾಲ್ಕು ಕಟ್ಟಿ ಕಳಿಸ್ತೀನಿ” ಎಂದು ನಕ್ಕರು. ಅವರು ಅಕ್ಕಿಯ ಬೋಗುಣಿಗೆ ಕೈ ಹಾಕಬೇಕು, ಅಷ್ಟರಲ್ಲಿ ನಾನು ಅದನ್ನು ಎತ್ತಿಕೊಳ್ಳಲು ಹೋಗಿ ಕೈ ಜಾರಿಸಿದೆ. ನಿಜ ಹೇಳುತ್ತೇನೆ, ಜಾರಿದ್ದಲ್ಲ, ಜಾರಿಸಿದ್ದು. ಬೂದಿನೀರಿನ ಸಮೇತ ಅಂಟಕ್ಕಿ ನೆಲದ ಮೇಲೆಲ್ಲ ಹರಡಿತು. ಅನ್ನವನ್ನು ನೆಲಕ್ಕೆ ಚೆಲ್ಲಿದ ಪಾಪ ಬೇರೆ. ನಾನು ಮಂಡಿಯೂರಿ ಗುಡಿಸುತ್ತಾ, ತಾಯಿ ಕ್ಷಮಿಸು, ತಾಯಿ ಕ್ಷಮಿಸು ಎಂದು ಗೊಣಗುತ್ತಿದ್ದೆ. ತಲೆ ಎತ್ತಿ ನೋಡಿದರೆ ಇವರು ನಗುತ್ತಿರಲಿಲ್ಲ. ಮಡಚಿದ ಎಲೆಯನ್ನು ಬಿಚ್ಚಿ, ತೊಡೆಯ ಮೇಲೆ ಇಟ್ಟು ಸವರಿ ನೆಟ್ಟಗೆ ಮಾಡಿ, ಮತ್ತೆ ನೀರಿಗೆ ಹಾಕಿ ಒಳಗೆ ಹೋಗಿ ಮಲಗಿದರು. ಆಗಲೇ ನನಗೆ ತಿಳಿಯಬೇಕಿತ್ತು.

ಸೋಮವಾರ ಹಬ್ಬ. ಕಾರ್ಖಾನೆಗಳು ಮಧ್ಯಾಹ್ನಕ್ಕೇ ಯಂತ್ರ ನಿಲ್ಲಿಸಿದವು. ನಮ್ಮ ಬೀದಿಯಲ್ಲಿ ಎಲ್ಲ ಕಿಟಕಿಯಿಂದಲೂ ಎಲೆ ಬೇಯುವ ವಾಸನೆ. ಹುಡುಗರೆಲ್ಲ ದೋಣಿ ಸ್ಪರ್ಧೆಗೆಂದು ಡೋಲು ಹೊತ್ತುಕೊಂಡು ಹೊರಟರು. ಹೋದ ವರ್ಷ ನಮ್ಮ ಹೊಳೆಯಲ್ಲೇ ಮಾಡಲು ಹೋಗಿ ನೀರು ಸಾಲದೆ, ದೋಣಿ ಕಲ್ಲಿಗೆ ಸಿಕ್ಕಿ, ಎಲ್ಲರೂ ಇಳಿದು ಹೊತ್ತುಕೊಂಡು ಓಡಿದ್ದರು. ಅದರಲ್ಲೂ ನಮ್ಮ ಜಿಲ್ಲೆಯವರೇ ಗೆದ್ದರು ಎಂದು ನಿಮ್ಮ ತಮ್ಮ ವಾದ ಮಾಡುತ್ತಿದ್ದರು. ಈ ಸಲ ಕಿಟಕಿಯ ಹತ್ತಿರವೂ ಹೋಗಲಿಲ್ಲ. ಒಲೆಯ ಮೇಲೆ ಏನೂ ಇಲ್ಲದ ನಮ್ಮ ಮನೆಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಮೊಟ್ಟೆ ಸುಲಿಯುತ್ತಿದ್ದೆವು. ಆಗ ಬಾಗಿಲು ತಟ್ಟಿದ ಸದ್ದು. ಬಾವೊ ಅಜ್ಜಿ. ಗುಡಿಯ ಅಡುಗೆಮನೆ ನೋಡಿಕೊಳ್ಳುವಾಕೆ, ನಮ್ಮ ಪಕ್ಕದ ಕಣಿವೆಯವಳು, ನಿಮಗೆ ಗೊತ್ತಿರಬಹುದು. ಅತ್ತೆಯ ಹೆಸರಿನಲ್ಲಿ ಗುಡಿಯಲ್ಲಿ ಮಂತ್ರ ಹೇಳಿಸಲು ನಾನು ಚೀಟಿ ಕೊಟ್ಟಾಗ ಆಕೆ ಅಲ್ಲೇ ಇದ್ದಳು, ಯಾರಿಗೂ ಬಾಯಿ ಬಿಡಬೇಡಿ ಅಜ್ಜಿ ಎಂದು ಕೈ ಹಿಡಿದು ಬೇಡಿಕೊಂಡಿದ್ದೆ. “ಅಯ್ಯೋ, ಈ ಮೆಟ್ಟಿಲು ಕಟ್ಟಿದೋನಿಗೆ ಮಂಡಿಯೇ ಇರಲಿಲ್ಲ ಅನ್ಸುತ್ತೆ” ಎಂದು ಏದುಸಿರು ಬಿಡುತ್ತಾ ಒಳಗೆ ಬಂದಳು. ಕೈಚೀಲದಿಂದ ಕಡುಬಿನ ಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟಳು. ಸಾವಿನ ಮನೆಗೆಂದು ಬಿಳಿ ದಾರದಲ್ಲಿ ಕಟ್ಟಿದ ಕಡುಬು. ಹಬ್ಬದ ಶುಭ ಎನ್ನಲಿಲ್ಲ. ಕೂರಲಿಲ್ಲ. “ತಿನ್ನಿ. ಆರೋಕೆ ಮುಂಚೆ ತಿನ್ನಿ” ಎಂದಷ್ಟೇ ಹೇಳಿ ಹಿಂತಿರುಗಿದಳು.

ಅಕ್ಕ, ನಿಮ್ಮ ತಮ್ಮ ಮನೆಗೆ ಬಂದವರನ್ನು ಹೇಗೆ ಕಳಿಸಿಕೊಡುತ್ತಾರೆ ಎಂಬುದು ಈ ಊರಿಗೇ ಗೊತ್ತು. ಮೂರು ಮಹಡಿ ಇಳಿದು, ಬೀದಿಯ ಕೊನೆಯವರೆಗೆ ನಡೆದು, ನಿಧಾನಕ್ಕೆ ಹೋಗಿ, ಮತ್ತೆ ಬನ್ನಿ, ಬರದಿದ್ದರೆ ಜಗಳ ಎಂದು ಕೂಗಿ, ಬಸ್ಸು ತಿರುಗುವವರೆಗೆ ನಿಲ್ಲುವವರು. ಎದೆ ಕೆಟ್ಟ ಮೇಲೂ ಬಾಗಿಲಾಚೆ ಮೆಟ್ಟಿಲಿನ ತುದಿಯಲ್ಲಿ ನಿಂತು, ಕೆಳಗೆ ಬೀದಿಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಮಾತಾಡುತ್ತಲೇ ಇರುತ್ತಿದ್ದರು. ಈ ಸಲ ಏಳಲಿಲ್ಲ. ಬಾವೊ ಅಜ್ಜಿ ಹೊಸ್ತಿಲು ದಾಟಿದಳು, ಇವರು ಕೂತೇ ಇದ್ದರು. ಹೋಗಿ ಬನ್ನಿ ಎನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವವರನ್ನು ಕಳಿಸಿಕೊಡಬಾರದು, ಮತ್ತೆ ಬನ್ನಿ ಎನ್ನಬಾರದು ಎಂಬುದು ನನಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತು. ಎರಡೂ ಕೈ ಮಂಡಿಯ ಮೇಲೆ ಇಟ್ಟುಕೊಂಡು, ಅಜ್ಜಿಯ ಚಪ್ಪಲಿ ಸದ್ದು ಕೆಳಗಿಳಿದು ನಿಲ್ಲುವವರೆಗೂ ಮೇಜನ್ನೇ ನೋಡುತ್ತಾ ಕೂತರು. ನಾನೂ ಏಳಲಿಲ್ಲ. ಏಳದೆ ಇದ್ದದ್ದರಿಂದ ನನ್ನ ಗುಟ್ಟೂ ಹೊರಬಿತ್ತು. ಆಮೇಲೆ ಅವರು ಒಂದು ಕಡುಬು ಬಿಚ್ಚಿದರು. ದಾರವನ್ನು ಹರಿಯದೆ, ಗಂಟು ಬಿಡಿಸಿ. ಅರ್ಧ ತಿಂದರು. “ಉಪ್ಪು ಸರಿಯಾಗಿದೆ” ಎಂದರು. ಅಷ್ಟೇ. ಅಳಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ. ನಾನು ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಂಜೆಯವರೆಗೆ ಮನೆ ತುಂಬ ಅವರ ಹಿಂದೆ ಹಿಂದೆ ತಿರುಗಿದೆ. “ಏನೇ ಇದು, ಕೋಳಿ ಮರಿ ಹಾಗೆ?” ಎಂದು ಗದರಿದರು. ಅಷ್ಟರಲ್ಲಿ ದೋಣಿ ಹುಡುಗರು ಡೋಲು ಬಡಿಯುತ್ತಾ ಬೀದಿಗೆ ವಾಪಸು ಬಂದರು. ಇವರು ಎದ್ದು ಹೋಗಿ ಕಿಟಕಿ ಮುಚ್ಚಿದರು.

ಮರುದಿನ ಗುಡಿಗೆ ಹೋಗಿ ಬಾವೊ ಅಜ್ಜಿಯ ಮೇಲೆ ಎಗರಿ ಬಿದ್ದೆ. ಹಿರಿಯರ ಮೇಲೆ ಹಾಗೆ ಧ್ವನಿ ಏರಿಸಿದವಳಲ್ಲ ನಾನು. ಆಕೆ ಮೂಲಂಗಿ ಹೆಚ್ಚುತ್ತಾ, “ನಾನು ಬಾಯಿ ಬಿಟ್ಟೆನಾ? ಒಂದ್ ಮಾತಾದ್ರೂ ಆಡಿದೆನಾ? ಕಡುಬು ಕೊಟ್ಟೆ ಅಷ್ಟೇ” ಎಂದಳು. ಆಮೇಲೆ ಚಾಕು ಕೆಳಗಿಟ್ಟು, “ಮಗ ಇರೋ ಮನೆಗೆ ಒಬ್ಬರೂ ಕಡುಬು ತಂದುಕೊಡದೆ ಹೋದ್ರೆ ಆ ಹೋದ ಜೀವಕ್ಕೆ ಹೇಗನ್ಸುತ್ತೆ ಕಣೇ? ನನಗೆ ತಡ್ಕೊಳಕ್ಕಾಗ್ಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ಆಕೆಯನ್ನು ಏನೆಂದು ಬೈಯಲಿ? ನಾನೇ ಆಕೆಯ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ. ಇಬ್ಬರೂ ಸೇರಿ ಮೂಲಂಗಿ ಹೆಚ್ಚಿ ಮುಗಿಸಿದೆವು.

ಅವರಿಗೆ ಕಳಲೆಯ ದಿನವೇ ಅನುಮಾನ ಬಂದಿರಬೇಕು. ಎಲೆ ನೆನೆಹಾಕಿದ್ದು ಹಬ್ಬಕ್ಕಲ್ಲ, ನಾನು ಕಟ್ಟುತ್ತೇನೋ ಇಲ್ಲವೋ ನೋಡಲಿಕ್ಕೆ ಎಂದು ಈಗ ಅನ್ನಿಸುತ್ತದೆ. ಬಾಯಲ್ಲಿ ನಾನು ಎಷ್ಟು ಸುಳ್ಳು ಹೇಳಿದರೂ ಕೈಯಲ್ಲಿ ಸುಳ್ಳು ಮಾಡಲಾರೆ ಎಂಬುದು ಇಷ್ಟು ವರ್ಷ ಬಾಳಿದ ಮನುಷ್ಯನಿಗೆ ತಿಳಿಯದೆ? ಈಗ ನಮ್ಮ ಮನೆ ಹೀಗಿದೆ. ಅವರಿಗೆ ಗೊತ್ತು. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತು. ನನಗೆ ಗೊತ್ತಾಗಿದೆ ಎಂಬುದೂ ಅವರಿಗೆ ಗೊತ್ತಿರಬೇಕು. ಆದರೂ ಇಬ್ಬರೂ ಗಂಜಿ ಕುಡಿದು, ಬಿಸಿಲು ಜಾಸ್ತಿಯಾಯಿತು ಎಂದು ಮಾತಾಡುತ್ತೇವೆ. ಮಂಗಳವಾರ ಬೆಳಿಗ್ಗೆ ನಾನು ಕಥೆ ಸಿದ್ಧ ಮಾಡಿಕೊಂಡು ನಿಂತಿದ್ದೆ, ಅತ್ತೆ ತರಕಾರಿ ಮಾರಲು ಸಂತೆಗೆ ಹೋಗಿದ್ದಾರೆ ಎಂದು. ಅವರು ಕೇಳಲಿಲ್ಲ. ಬುಧವಾರ ಕೇಳಲಿಲ್ಲ. ನಿನ್ನೆಯೂ ಇಲ್ಲ. ಕೇಳುತ್ತಿದ್ದಾಗ ಯಾವಾಗ ಇದು ನಿಲ್ಲುತ್ತದೋ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ನಿಂತ ಮೇಲೆ, ಕೇಳುತ್ತಾರೇನೋ ಎಂದು ಗಂಜಿ ಬಡಿಸುತ್ತಾ ಕಾಯುತ್ತೇನೆ. ಅತ್ತೆ ಏಪ್ರಿಲ್‌ನಲ್ಲಿ ಹೋದರೂ ನಮ್ಮ ಅಡುಗೆಮನೆಯಲ್ಲಿ ಮಂಗಳವಾರದವರೆಗೆ ಸಂತೆಗೆ ಹೋಗಿ ಬರುತ್ತಿದ್ದರು, ಈಗ ಅದೂ ಇಲ್ಲ.

ನಾನು ಹತ್ತಿರ ಹೋಗಿ ಕೂತು, ಅತ್ತುಬಿಡಿ ಎನ್ನಬೇಕೇ? ಅತ್ತರೆ ಎದೆ ತಡೆಯುತ್ತದೆಯೇ? ಅಳದೆ ಒಳಗೇ ಇಟ್ಟುಕೊಂಡರೆ ಅದು ತಡೆಯುತ್ತದೆಯೇ? ಡಾಕ್ಟರರನ್ನು ಕೇಳೋಣವೆಂದರೆ ಇದನ್ನು ಅವರ ಭಾಷೆಯಲ್ಲಿ ಹೇಗೆ ಹೇಳಲಿ? ಬಿಳಿ ದಾರ, ಕಡುಬು, ಮೆಟ್ಟಿಲಿಳಿಯದೆ ಕೂತದ್ದು! ಜಿಯಾಯಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು, ನರ್ಸು ಅಜೀರ್ಣವೇ ಎಂದು ಕೇಳಿದಳಂತೆ. ನಾನು ದೀಪದ ಮುಂದೆ ಕೂತರೂ ಏನು ಬೇಡಬೇಕೆಂದು ತಿಳಿಯುತ್ತಿಲ್ಲ. ಅತ್ತೆಗೆ ಸದ್ಗತಿ ಕೊಡು ಎನ್ನಲೇ, ಇವರನ್ನು ಉಳಿಸು ಎನ್ನಲೇ? ಎರಡನ್ನೂ ಒಟ್ಟಿಗೆ ಬೇಡಿದರೆ ದುರಾಸೆಯಾಗುತ್ತದೆಯೋ ಏನೋ. ನೀವು ದೊಡ್ಡವರು, ಅವರನ್ನು ಎತ್ತಿ ಆಡಿಸಿದವರು. ನಿಮಗಾದರೂ ಏನಾದರೂ ಹೊಳೆದರೆ ಹೇಳಿ. ಹೊಳೆಯದಿದ್ದರೂ ಬೇಸರವಿಲ್ಲ, ಇದನ್ನು ಒಬ್ಬರಿಗೆ ಹೇಳದೆ ನನ್ನಿಂದ ಆಗುತ್ತಿರಲಿಲ್ಲ.

ಭಾವನವರಿಗೆ ನನ್ನ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ. ಗೋರಿಯ ಹತ್ತಿರ ಹೋದಾಗ ನನ್ನ ಪಾಲಿನ ಊದುಬತ್ತಿಯನ್ನೂ ಹಚ್ಚಿ, ಸೊಸೆ ಅಕ್ಕಿ ಚೆಲ್ಲಿದ್ದು ಏಕೆಂದು ಅತ್ತೆಗೆ ನಿಮ್ಮ ಮಾತಿನಲ್ಲಿ ತಿಳಿಸಿ. ಗುವಾನ್‌ಯಿನ್ ತಾಯಿ ನಿಮ್ಮೆಲ್ಲರ ನೆತ್ತಿಯ ಮೇಲೆ ಕೈ ಇಟ್ಟಿರಲಿ.

ನಿಮ್ಮ ತಮ್ಮನ ಹೆಂಡತಿ,
ಸೈಯುನ್

ಅಕ್ಕ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಮುಚ್ಚಿಡಲು ಆಗಲಿಲ್ಲ. “ಅಕ್ಕಂಗಾ? ಬರಿ. ಆಪರೇಷನ್ ದಿನ ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಫೋನ್ ಮಾಡ್ತೀನಿ ಅಂತ ಬರಿ. ಅಮ್ಮ ಹೇಗಿದ್ದಾಳೆ ಅಂತ ಕೇಳ್ತೀನಿ. ಊಟ ಮಾಡಿ ಮಲಗಿದ್ದಾಳೆ ಅನ್ನೋಕೆ ಹೇಳು. ಅಳದೆ ಹೇಳ್ಬೇಕು. ಅಕ್ಕ ಅತ್ರೆ ನಾನು ಆ ಮಂಚ ಹತ್ತಲ್ಲ, ಎದ್ದು ಮನೆಗೆ ಬರ್ತೀನಿ” ಎಂದರು. ಹೇಳಿ ಹೋಗಿ ಮತ್ತೆ ಮಲಗಿದರು. ಕರೆದೊಯ್ಯುವುದು ಬೆಳಗಿನ ಏಳಕ್ಕಂತೆ, ನಮಗೆ ಏಳು ಗಂಟೆ ಎಂದರೆ ನಿಮಗೆ ಮಧ್ಯಾಹ್ನದ ಊಟದ ಹೊತ್ತು, ಮಲಗಿದ್ದಾರೆ ಎಂದರೆ ಹೊಂದುತ್ತದೆ. ಕಾಗದ ಮುಟ್ಟಿದ ಮೇಲೂ ನಿಮಗೆ ಇನ್ನೊಂದು ವಾರವಿದೆ. ಭಾವನವರ ಮುಂದೆ ಕೂತು ಇವತ್ತಿನಿಂದಲೇ ಹೇಳಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.